ದಿನಕ್ಕೊಂದು ಫೋಟೋ, ಅದೇ ಕೆರೆ: 212 ದಿನ ಆಯಿತು, ನಿಲ್ಲಿಸಲಾ ಮುಂದುವರಿಸಲಾ?

ಕೆರೆದಂಡೆ (ಬಾದಾಮಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಿಂದ ಅಗಸ್ತ್ಯ ತೀರ್ಥಕ್ಕೆ ಎರಡು ಓಣಿ ದೂರ. ಅಗಸ್ತ್ಯ ತೀರ್ಥ ಅನ್ನುವುದು ಫಲಕದಲ್ಲಿ, ನಮ್ಮ ಮನೆಯಲ್ಲಿ ಅದು ಬರೀ ಕೆರಿ. ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅರ್ಧ ಗಂಟೆ ಖಾಲಿ ಸಿಗುತ್ತದೆ. ಈ ಸಲದ ಬನದ ಹುಣ್ಣಿಮೆಯ ದಿನ, ಬನಶಂಕರಿ ಜಾತ್ರೆಯ ಗದ್ದಲದಲ್ಲಿ ತಲೆಗೆ ಬಂತು: ದಿನಕ್ಕೊಂದು ಫೋಟೋ ತೆಗೆಯೋಣ, ವರ್ಷ ಪೂರ್ತಿ. ನಿಯಮ ಒಂದೇ. ಗುಹೆ, ಗುಡಿ, ಕೋಟೆ ಬೇಡ. ಅವುಗಳನ್ನು ತೆಗೆಯಲು ಜಗತ್ತೇ ಬರುತ್ತದೆ. ನನ್ನ ಫೋಟೋದಲ್ಲಿ ಕೆರೆಯ ಜನ ಇರಬೇಕು, ಇಲ್ಲವೇ ಅವರು ಇಟ್ಟುಹೋದ ವಸ್ತು ಇರಬೇಕು.

ಮೊದಲ ಎರಡು ತಿಂಗಳು ಹುಮ್ಮಸ್ಸು. ಮೆಟ್ಟಿಲ ಮೇಲೆ ಹಾಸಿದ ಇಳಕಲ್ ಸೀರೆ, ಬಕೆಟ್‌ನೊಳಗೆ ತಲೆ ಹಾಕಿದ ಮಂಗ, ಚಹಾದ ಗ್ಲಾಸು ತೊಳೆಯುವ ಹುಡುಗ. ಈಗ ಗ್ಯಾಲರಿ ತೆರೆದರೆ ನನಗೇ ಆಕಳಿಕೆ ಬರುತ್ತದೆ. ಅದೇ ಮೆಟ್ಟಿಲು, ಅದೇ ಅರಿವೆ ಒಗೆಯುವುದು, ಅದೇ ಅಜ್ಜಿ ಅದೇ ಕಲ್ಲಿನ ಮುಂದೆ. ಆ ಅಜ್ಜಿಯೇ 41 ಫೋಟೋಗಳಲ್ಲಿ ಇದ್ದಾರೆ, ಎಣಿಸಿದೆ.

ಇನ್ನೊಂದು ತಾಪತ್ರಯ. ಜೂನ್‌ನಲ್ಲಿ ಒಂದು ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಒಬ್ಬರು ದಂಡೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾರೆ, ಚೆಂದದ ಬೆಳಕು. ಮಧ್ಯಾಹ್ನಕ್ಕೆ ಅವರ ಹೆಂಡತಿ ಅಂಗಡಿಗೆ ಬಂದರು. ಆ ಮನುಷ್ಯ ಕೆಲಸಕ್ಕೆ ಬಾಗಲಕೋಟೆಗೆ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದರಂತೆ. ಕೆಲಸ ಬಿಟ್ಟು ಹದಿನೈದು ದಿನ ಆಗಿತ್ತು, ಮನೆಯಲ್ಲಿ ಹೇಳಿರಲಿಲ್ಲ. ನನ್ನ ಸ್ಟೇಟಸ್ಸಿನಿಂದ ಗೊತ್ತಾಯಿತು. ಅವತ್ತಿನಿಂದ ಅವರು ನನ್ನನ್ನು ಕಂಡರೆ ಆಚೆ ಓಣಿಗೆ ತಿರುಗುತ್ತಾರೆ.

ಹೆಂಗಸರು ನಗುತ್ತಾ ಕೇಳುತ್ತಾರೆ, "ಏನವಾ, ದಿನಾ ನಮ್ಮ ಅರಿವಿ ಫೋಟೋ ತಗದು ಏನ್ ಮಾಡ್ತಿ?" ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದ್ದರೆ ಹೇಳಿ.

ಜೋಳದರೊಟ್ಟಿ (ಇಳಕಲ್)

ಆ ಶೇಂಗಾ ಅಣ್ಣನ ಕಥೆ ಓದಿ ನಕ್ಕೆ, ಆಮೇಲೆ ಪಾಪ ಅನಿಸಿತು. ಕೆರೆದಂಡೆ ಇರುವುದೇ ಅದಕ್ಕಲ್ವಾ ಅಕ್ಕಾ, ಮನೆಯಲ್ಲಿ ಹೇಳಲಾಗದ್ದನ್ನು ಇಟ್ಟುಕೊಂಡು ಸುಮ್ನೆ ಕೂರಲಿಕ್ಕೆ.

ರೋಲ್_36 (ಜಮಖಂಡಿ)

ತಂಗಿ, ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ಈಗ ಮುಚ್ಚಿದ್ದೇನೆ, ಕ್ಯಾಮೆರಾ ಕಪಾಟಿನಲ್ಲಿದೆ. ಒಂದು ರೋಲಿಗೆ 36 ಫೋಟೋ ಬರುತ್ತಿದ್ದ ಕಾಲದಲ್ಲಿ ಯಾರಾದರೂ ಅರಿವೆ ಒಗೆಯುವುದನ್ನು 41 ಸಲ ತೆಗೆದಿದ್ದರೆ ಮನೆಯವರು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ನಿಮ್ಮ ಹತ್ತಿರ ಇರುವುದು ನನ್ನ ಹತ್ತಿರ ಇಲ್ಲ. ಮದುವೆ, ಕುಬುಸ, ಪಾಸ್‌ಪೋರ್ಟ್ ಸೈಜು, ಇಷ್ಟೇ ನನ್ನ ಜೀವಮಾನದ ದಾಸ್ತಾನು. ನಮ್ಮೂರಿನ ಒಂದು ಮಾಮೂಲಿ ಮಂಗಳವಾರದ ಫೋಟೋ ಕೊಡಿ ಅಂದರೆ ಒಂದೂ ಇಲ್ಲ.

ಒಂದು ಕೆಲಸ ಮಾಡಿ. ಆ ಅಜ್ಜಿಯ 41 ಫೋಟೋಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ ತಾರೀಖಿನ ಪ್ರಕಾರ ಜೋಡಿಸಿ. ಅಜ್ಜಿಯನ್ನು ನೋಡಬೇಡಿ, ಅವರ ಹಿಂದಿನ ಮೆಟ್ಟಿಲು ಎಣಿಸಿ. ಜನವರಿಯಲ್ಲಿ ನೀರಿನ ಮೇಲೆ ಎಷ್ಟು ಮೆಟ್ಟಿಲು, ಮೇ ಕೊನೆಗೆ ಎಷ್ಟು, ಈಗ ಎಷ್ಟು. ಬೇಜಾರು ತರಿಸುವ ಫೋಟೋಗಳು ಅಂದಿರಲ್ಲ, ಅವು ಕೆರೆಯ ಲೆಕ್ಕದ ಪುಸ್ತಕ. ಒಂದೇ ಜಾಗದಿಂದ, ಒಂದೇ ಎತ್ತರದಿಂದ ತೆಗೆದಿದ್ದರೆ ಇನ್ನೂ ಒಳ್ಳೆಯದು. ನಾಳೆಯಿಂದ ಒಂದು ಮೆಟ್ಟಿಲನ್ನು ಗುರುತು ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಅಲ್ಲೇ ನಿಂತು ಒಂದು ತೆಗೆಯಿರಿ. ಉಳಿದ ಆರು ದಿನ ನಿಮ್ಮಿಷ್ಟ.

ಬೆಳಕಿನದು ಇನ್ನೊಂದು ಮಜಾ. ಬಾದಾಮಿ ಕೆರೆಯ ಪಡುವಣಕ್ಕೆ ಊರು, ಮೂಡಣ ದಂಡೆಗೆ ಭೂತನಾಥ ಗುಡಿ, ಎರಡೂ ಬದಿಗೆ ಗುಡ್ಡ. ನೀವು ಊರಿನ ಕಡೆ ನಿಂತು ಬೆಳಿಗ್ಗೆ ತೆಗೆಯುತ್ತೀರಿ, ಅಂದರೆ ಸೂರ್ಯ ಎದುರಿಗೆ. ಡಿಸೆಂಬರಿನಲ್ಲಿ ಸೂರ್ಯ ಬಲಗಡೆ ವಾಲಿ ಹುಟ್ಟುತ್ತಾನೆ, ಜೂನ್‌ನಲ್ಲಿ ಎಡಗಡೆ. ನಮ್ಮ ಅಕ್ಷಾಂಶದಲ್ಲಿ ಇವೆರಡರ ನಡುವೆ ಸುಮಾರು 49 ಡಿಗ್ರಿ ಅಂತರ. ಉತ್ತರಾಯಣ, ದಕ್ಷಿಣಾಯನ ಎಂದು ಪಂಚಾಂಗದಲ್ಲಿ ಓದುತ್ತೇವೆ. ನಿಮ್ಮ ಗ್ಯಾಲರಿಯಲ್ಲಿ ಅದು ಕಣ್ಣಿಗೇ ಕಾಣಬೇಕು. ಮೊದಲ ಬಿಸಿಲು ಯಾವ ಮೆಟ್ಟಿಲಿಗೆ ಬೀಳುತ್ತದೆ ಅನ್ನುವುದು ತಿಂಗಳಿಂದ ತಿಂಗಳಿಗೆ ಸರಿದಿರುತ್ತದೆ. ನೋಡಿ ಹೇಳಿ.

ಕೆರೆದಂಡೆ (ಬಾದಾಮಿ)

ರೋಲ್ ಕಾಕಾ, ರಾತ್ರಿ ಹನ್ನೊಂದರವರೆಗೆ ಕೂತು ಎಣಿಸಿದೆ. ಜನವರಿಯ ಫೋಟೋದಲ್ಲಿ ನೀರಿನ ಮೇಲೆ 6 ಮೆಟ್ಟಿಲು ಕಾಣುತ್ತವೆ. ಮೇ 28ಕ್ಕೆ 13. ಮೊನ್ನೆಯದರಲ್ಲಿ 8. ನಾನು ದಿನಾ ಅಲ್ಲೇ ನಿಂತು ನೋಡಿದವಳು, ಒಂದು ದಿನವೂ ಗಮನಿಸಿರಲಿಲ್ಲ.

ಅಜ್ಜಿಯೂ ನೀರಿನ ಜೊತೆಗೇ ಕೆಳಗೆ ಇಳಿದಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಅವರ ಕಲ್ಲು ಇದ್ದಲ್ಲೇ ಇದೆ. ಬೇಸಿಗೆಯಲ್ಲಿ ಬಕೆಟ್‌ನಲ್ಲಿ ನೀರು ಹೊತ್ತು ಮೇಲಕ್ಕೆ ತಂದು ಅದೇ ಕಲ್ಲಿನ ಮೇಲೆ ಒಗೆದಿದ್ದಾರೆ. ಪಕ್ಕದವರೆಲ್ಲ ನೀರಿನ ಹತ್ತಿರ ಇಳಿದಿದ್ದಾರೆ, ಇವರೊಬ್ಬರೇ ಮೇಲೆ. ಯಾಕೋ ಗೊತ್ತಿಲ್ಲ.

ರೋಲ್_36 (ಜಮಖಂಡಿ)

ಕೇಳಿ. ಕಲ್ಲು ಯಾರದು ಎಂದು ಕೇಳಿದ್ದೀರಾ ಒಮ್ಮೆಯಾದರೂ?

ಹಳೇ_ಓಣಿ (ಬಾಗಲಕೋಟೆ ನವನಗರ)

ನಾನು ಈ ಚರ್ಚೆಯಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತಿದ್ದೇನೆ.

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಈಗ ಅಲ್ಲಿ ನೀರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗ ನಮ್ಮಪ್ಪ ಸಣ್ಣ ಹುಡುಗ. ಅಂದರೆ ಮುಳುಗಡೆ ಅನ್ನುವ ಮಾತು ನಮ್ಮ ಮನೆಯಲ್ಲಿ ನಾನು ಹುಟ್ಟುವ ಮುಂಚಿನಿಂದಲೂ ಇತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹೇಳಿ ಹೇಳಿ ಯಾರೂ ನಂಬುತ್ತಿರಲಿಲ್ಲ. ಆಮೇಲೆ ಬಂದೇಬಿಟ್ಟಿತು. ಘಟಪ್ರಭೆ ಹಿಂದಕ್ಕೆ ಸರಿದು ಓಣಿಯೊಳಗೆ ಬಂದಳು. ಪರಿಹಾರ ಬಂತು, ನವನಗರದಲ್ಲಿ ಸೈಟು ಬಂತು, ಸೆಕ್ಟರ್ ನಂಬರು ಬಂತು. ಓಣಿ ಬರಲಿಲ್ಲ.

ನಮ್ಮ ಹತ್ತಿರ ಹಳೇ ಮನೆಯ ಎಷ್ಟು ಫೋಟೋ ಇವೆ ಗೊತ್ತಾ? ಒಂದು. ಅದೂ ಮನೆಯದಲ್ಲ, ಅಕ್ಕನ ಮದುವೆಯದು. ಅಕ್ಕನ ಎಡ ಭುಜದ ಹಿಂದೆ ಅಡುಗೆಮನೆ ಬಾಗಿಲಿನ ಅರ್ಧ ಕಾಣುತ್ತದೆ. ಚೌಕಟ್ಟಿನ ಮೇಲೆ ನಮ್ಮವ್ವ ಹಚ್ಚಿದ್ದ ಅರಿಷಿಣದ ಗುರುತು ಇದೆ. ಆ ಫೋಟೋ ಬಂದಾಗ ಎಲ್ಲರೂ ಅಕ್ಕನನ್ನು ನೋಡುತ್ತಾರೆ, ನಾನು ಬಾಗಿಲು ನೋಡುತ್ತೇನೆ.

ಮದುವೆಗೆ ಫೋಟೋಗ್ರಾಫರ್ ಬಂದಿದ್ದ. ಆದರೆ ಬೆಳಿಗ್ಗೆ ನಮ್ಮವ್ವ ನದಿಯಿಂದ ಕೊಡ ಹೊತ್ತು ಬರುವುದನ್ನು ಯಾರು ತೆಗೆಯುತ್ತಾರೆ? ದಿನಾ ಬರುತ್ತಿದ್ದಳಲ್ಲ, ನಾಳೆಯೂ ಬರುತ್ತಾಳಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಲವು ಗೋಡೆಗಳ ಬುಡ ಮೇಲೆ ಬರುತ್ತದೆ. ನಾನೂ ನಮ್ಮ ಕಾಕಾನೂ ಒಮ್ಮೆ ಹೋಗಿ ನಿಂತು, ನಮ್ಮ ಮನೆ ಇದು, ಅಲ್ಲ ಅದು ಎಂದು ಜಗಳ ಮಾಡಿದೆವು. ಇಬ್ಬರಿಗೂ ಖಾತ್ರಿ ಇಲ್ಲ.

ಬಾದಾಮಿ ಕೆರೆ ಎಲ್ಲೂ ಹೋಗುವುದಿಲ್ಲ, ಬಿಡಿ. ಸಾವಿರ ವರ್ಷಕ್ಕಿಂತ ಜಾಸ್ತಿ ಆಯಿತು, ಇನ್ನೂ ಇರುತ್ತದೆ. ಆದರೆ ಅರಿವೆ ಒಗೆಯುವವರು ಇರುತ್ತಾರಾ? ಮನೆ ಮನೆಗೆ ವಾಷಿಂಗ್ ಮಷೀನು ಬರುತ್ತಿದೆ. ನಿಲ್ಲಿಸಬೇಡಿ ತಂಗಿ.

ಕೋಟೆಗಾಳಿ (ಬೆಳಗಾವಿ)

ಎಲ್ಲರೂ ಭಾವುಕರಾಗಿದ್ದೀರಿ, ನಾನು ಸ್ವಲ್ಪ ಖಾರ ಹಾಕುತ್ತೇನೆ. ಕ್ಷಮಿಸಿ.

ನಾನು ಬೆಳಗಾವಿ ಕೋಟೆ ಕೆರೆಯ ಸುತ್ತ ದಿನಾ ಬೆಳಿಗ್ಗೆ ನಡೆಯುತ್ತೇನೆ. ಹೋದ ವರ್ಷ ಯಾರೋ ಒಬ್ಬರು ನನ್ನ ಫೋಟೋ ತೆಗೆದು, ಕೆರೆಯ ಮುಂಜಾವು ಎಂದೇನೋ ಬರೆದು ಹಾಕಿದ್ದರು. ಬೆವರಿನಲ್ಲಿ ಮುಳುಗಿದ್ದೆ, ಓಡ್ನಿ ಹೆಗಲ ಮೇಲಿಂದ ಜಾರಿತ್ತು. ಅದು ನಮ್ಮ ಗಂಡನ ಮನೆಯವರ ಗ್ರೂಪಿಗೆ ಬಂದು ಮುಟ್ಟಿತು. ಫೋಟೋ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೂರು ತಿಂಗಳು ಆ ಕಡೆ ಹೋಗುವುದನ್ನೇ ಬಿಟ್ಟೆ.

ಕೆರೆದಂಡೆ ಅವರೇ, ನೀವು ಹೆಣ್ಣುಮಗಳು, ಊರಿನವರು, ನಿಮ್ಮ ಮೇಲೆ ಅನುಮಾನ ಇಲ್ಲ. ಆದರೆ ಅರಿವೆ ಒಗೆಯುವ ಹೆಂಗಸು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿರುತ್ತಾಳೆ, ಮೈ ಒದ್ದೆ ಇರುತ್ತದೆ. ಅಲ್ಲಿ ಅವಳ ಸುತ್ತ ಇರುವವರೆಲ್ಲ ಹಾಗೇ ಇರುವುದರಿಂದ ಅವಳಿಗೆ ಸಂಕೋಚ ಇಲ್ಲ. ಫೋಟೋ ದಂಡೆ ಬಿಟ್ಟು ಹೊರಗೆ ಹೋದ ಕೂಡಲೇ ಸಂಕೋಚ ಹುಟ್ಟುತ್ತದೆ. ಬಾಗಲಕೋಟೆ ಅಣ್ಣಾರು ಅವ್ವನ ಫೋಟೋ ಇಲ್ಲ ಎಂದು ಕೊರಗುತ್ತಾರೆ, ನಿಜ. ಅವ್ವನನ್ನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರು?

ಹಳೇ_ಓಣಿ (ಬಾಗಲಕೋಟೆ ನವನಗರ)

ಬೈಯುತ್ತಿದ್ದಳು. ಕೊಡ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ಈಗ ತಗಿ ಅನ್ನುತ್ತಿದ್ದಳು. ನಿಮ್ಮ ಮಾತು ಒಪ್ಪಿದೆ ತಂಗಿ.

ಕೆರೆದಂಡೆ (ಬಾದಾಮಿ)

ಕೋಟೆಗಾಳಿ ಅಕ್ಕಾ, ನೀವು ಹೇಳಿದ್ದು ಓದಿ ಗ್ಯಾಲರಿ ಮತ್ತೆ ನೋಡಿದೆ. ಆರು ಫೋಟೋ ಅಳಿಸಿದೆ. ಮೂರರ ಬಗ್ಗೆ ಇನ್ನೂ ಮನಸ್ಸು ಗಟ್ಟಿ ಆಗಿಲ್ಲ. ದೂರದಿಂದ ತೆಗೆದವು, ಮುಖ ಕಾಣುವುದಿಲ್ಲ. ಆದರೆ ಊರಿನವರಿಗೆ ಸೀರೆ ನೋಡಿದರೇ ಯಾರು ಎಂದು ಗೊತ್ತಾಗುತ್ತದೆ.

ಸ್ನಾನದ ಹೊತ್ತಿನ ಫೋಟೋ ಯಾವತ್ತೂ ತೆಗೆದಿಲ್ಲ. ಅದು ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ.

ಗುಮ್ಮಟದ_ನೆರಳು (ವಿಜಯಪುರ)

ಕೋಟೆಗಾಳಿಯವರ ಮಾತಿಗೆ ಇನ್ನೊಂದು ಮಗ್ಗಲು ಇದೆ.

ನಮ್ಮ ಕಡೆಯ ಮೊದಮೊದಲ ಫೋಟೋಗಳಲ್ಲಿ ಕೆಲವು 1855ರವು. ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಮುಂಬೈ ಸರ್ಕಾರ ಫೋಟೋ ತೆಗೆಯಲೆಂದೇ ನೇಮಿಸಿತ್ತು. ವಿಜಯಪುರ, ಬಾದಾಮಿ, ಐಹೊಳೆ ಎಲ್ಲ ಸುತ್ತಿದ. ಅವನಿಗೆ ಬೇಕಿದ್ದದ್ದು ಕಟ್ಟಡ. ಆ ಕಾಲದ ಅಂಥ ಫೋಟೋಗಳಲ್ಲಿ ಮನುಷ್ಯ ಇದ್ದರೆ ಕಂಬದ ಪಕ್ಕ ಕಡ್ಡಿಯಂತೆ ನಿಂತಿರುತ್ತಾನೆ. ಕಂಬ ಎಷ್ಟು ಎತ್ತರ ಎಂದು ತೋರಿಸುವ ಅಳತೆಗೋಲು, ಅಷ್ಟೇ. ಹೆಸರಿಲ್ಲ, ಊರಿಲ್ಲ. ಇನ್ನೊಂದು ಕಾರಣವೂ ಇತ್ತು. ಆಗ ಒಂದು ಫೋಟೋ ಮೂಡಲು ತುಂಬ ಹೊತ್ತು ಹಿಡಿಯುತ್ತಿತ್ತು. ಅಲುಗಾಡದೆ ನಿಂತ ಗೋಡೆ ಸ್ಪಷ್ಟವಾಗಿ ಬೀಳುತ್ತಿತ್ತು. ಕೆಲಸ ಮಾಡುವವರು, ನಡೆಯುವವರು ಮಂಜಿನಂತೆ ಕರಗಿಹೋಗುತ್ತಿದ್ದರು. ದುಡಿಯುವ ಕೈ ಫೋಟೋದಲ್ಲಿ ಉಳಿಯುತ್ತಲೇ ಇರಲಿಲ್ಲ ಅಂದರೆ ನೋಡಿ.

ನಮ್ಮೂರಿನ ಬೇಗಂ ತಲಾಬ್ ಕೆರೆ ನೋಡಿದಾಗೆಲ್ಲ ಇದೇ ಯೋಚನೆ ಬರುತ್ತದೆ. 1651ರಲ್ಲಿ ಮಹಮ್ಮದ್ ಆದಿಲ್ ಶಾ ಕಟ್ಟಿಸಿದ್ದು ಎನ್ನುವುದು ಗೊತ್ತು. ಅಲ್ಲಿಂದ ಊರಿಗೆ ಮಣ್ಣಿನ ಕೊಳವೆಯಲ್ಲಿ ನೀರು ಹೋಗುತ್ತಿತ್ತು ಎನ್ನುವುದೂ ಗೊತ್ತು. ನಡುನಡುವೆ ಒತ್ತಡ ತಗ್ಗಿಸಲು ಕಟ್ಟಿದ ಗೋಪುರಗಳು ಈಗಲೂ ಅಲ್ಲಲ್ಲಿ ನಿಂತಿವೆ. ಆದರೆ ಆ ಕೊಳವೆ ಒಡೆದಾಗ ಯಾರು ಬಂದು ಅಗೆದು ಸರಿ ಮಾಡುತ್ತಿದ್ದರು, ಮಧ್ಯಾಹ್ನ ಬುತ್ತಿ ಎಲ್ಲಿ ಬಿಚ್ಚುತ್ತಿದ್ದರು? ರಾಜರ ಹೆಸರು ಕಲ್ಲಿನ ಮೇಲೆ ಇದೆ. ನೀರಿನವರ ಹೆಸರು ಎಲ್ಲೂ ಇಲ್ಲ.

ಹಾಗಾಗಿ ಕೆರೆದಂಡೆ ಅವರಿಗೆ ಒಂದೇ ಬಿನ್ನಹ. ಹೆಸರು ಬರೆದಿಡಿ. ಹೊರಗೆ ಹಾಕುವಾಗ ಬೇಡ, ನಿಮ್ಮ ವಹಿಯಲ್ಲಿ. ಯಾರು, ಯಾವ ಓಣಿ, ಅವತ್ತು ಏನು ಒಗೆಯುತ್ತಿದ್ದರು, ಯಾಕೆ ಅಷ್ಟು ಜಾಸ್ತಿ ಅರಿವೆ ಇತ್ತು. ಕೋಟೆಗಾಳಿಯವರಿಗೆ ಬೇಕಾದ ಮರ್ಯಾದೆಯೂ ಉಳಿಯುತ್ತದೆ, ಹಳೇ ಓಣಿಯವರಿಗೆ ಬೇಕಾದ ನೆನಪೂ ಉಳಿಯುತ್ತದೆ.

ಸುಮ್ನೆ_ಓದುವವ (ಗೋಕಾಕ)

ಮೊದಲ ಸಲ ಬರೆಯುತ್ತಿದ್ದೇನೆ. ನನ್ನದು ಸಾದಾ ಮೊಬೈಲ್. ಬೆಳಿಗ್ಗೆ ನೀರಿನ ಎದುರಿಗೆ ತೆಗೆದರೆ ಜನ ಎಲ್ಲ ಕಪ್ಪು ಬೊಂಬೆ ಆಗುತ್ತಾರೆ. ಕ್ಯಾಮೆರಾ ಇಲ್ಲದೆ ಇದು ಆಗಲ್ವಾ?

ರೋಲ್_36 (ಜಮಖಂಡಿ)

ಆಗುತ್ತದೆ. ಪರದೆಯ ಮೇಲೆ ಮನುಷ್ಯನ ಮುಖ ಇರುವ ಜಾಗಕ್ಕೆ ಬೆರಳು ಒತ್ತಿ ಹಿಡಿಯಿರಿ. ಅಲ್ಲಿಯ ಬೆಳಕಿಗೆ ಫೋನು ನಿಂತುಕೊಳ್ಳುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಎಳೆದು ಹೊಂದಿಸಿ. ಹಿಂದಿನ ನೀರು ಬೆಳ್ಳಗಾಗುತ್ತದೆ, ಆಗಲಿ. ಅಥವಾ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ, ಸೂರ್ಯ ಎದುರಿಗೆ ಬದಲು ಬದಿಗೆ ಬರಲಿ. ಇದಕ್ಕೆ ಖರ್ಚಿಲ್ಲ.

ಕಪ್ಪು ಬೊಂಬೆ ಆಗುವುದು ಯಾವಾಗಲೂ ತಪ್ಪೂ ಅಲ್ಲ. ಮುಖ ಕಾಣಬಾರದು ಅನ್ನುವವರಿಗೆ ಅದೇ ಸೆರಗು.

ಇನ್ನೊಂದು ಮುಖ್ಯ ಮಾತು, ಎಲ್ಲರಿಗೂ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ತಾರೀಖು ಸಮಯದ ವಿವರವೂ ಉದುರಿಹೋಗುತ್ತದೆ. ಆಮೇಲೆ ಅದನ್ನೇ ಇಳಿಸಿಕೊಂಡು ಇಟ್ಟುಕೊಂಡರೆ ಯಾವ ದಿನದ್ದು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗುತ್ತದೆ. ಮೂಲ ಫೈಲನ್ನು ತಾರೀಖಿನ ಹೆಸರಿಟ್ಟು ಉಳಿಸಿ, ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಆಗ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಒಂದು ಫೋಟೋಗೆ 4 ಎಂಬಿ ಎಂದುಕೊಂಡರೂ 365ಕ್ಕೆ ಒಂದೂವರೆ ಜಿಬಿ ಆಗುವುದಿಲ್ಲ. ಒಂದು ಪೆನ್‌ಡ್ರೈವ್‌ನಲ್ಲಿ ಎಷ್ಟೋ ವರ್ಷ ಕೂರುತ್ತದೆ. ಆದರೆ ಒಂದೇ ಪೆನ್‌ಡ್ರೈವ್ ನಂಬಬೇಡಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ ಇರಲಿ, ಅಕ್ಕನ ಮನೆ, ತವರುಮನೆ, ಎಲ್ಲಾದರೂ. ನನ್ನ ನೆಗೆಟಿವ್‌ಗಳೆಲ್ಲ ಒಂದೇ ಟ್ರಂಕಿನಲ್ಲಿದ್ದವು. ಗೆದ್ದಲು ಬಂತು. ಅಷ್ಟೇ ಹೇಳುತ್ತೇನೆ.

ಹದಿನೇಳರ_ಹುಡುಗ (ಬಾದಾಮಿ)

ಅಕ್ಕಾ ನಾನೂ ಬಾದಾಮಿ. ನನ್ನ ಗೆಳೆಯನ ಹತ್ತಿರ ಡ್ರೋನ್ ಇದೆ. ಮೇಲಿಂದ ತೆಗೆದರೆ ಕೆರೆ ಸಖತ್ತಾಗಿ ಕಾಣುತ್ತದೆ. ಮಳೆ ಜೋರಾದಾಗ ಅಕ್ಕ ತಂಗಿ ಜಲಪಾತ ಕೂಡ.

ಗುಮ್ಮಟದ_ನೆರಳು (ವಿಜಯಪುರ)

ತಮ್ಮಾ, ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. ಅನುಮತಿ ಇಲ್ಲದೆ ಡ್ರೋನ್ ಹಾರಿಸಿದರೆ ಗೆಳೆಯನ ಡ್ರೋನೂ ಹೋಗುತ್ತದೆ, ನೀವಿಬ್ಬರೂ ಹೋಗುತ್ತೀರಿ. ಜಲಪಾತ ಕೆಳಗಿಂದ ನೋಡಿದರೇ ಚೆಂದ.

ಕೋಟೆಗಾಳಿ (ಬೆಳಗಾವಿ)

ಮತ್ತೆ ಮೇಲಿಂದ ಯಾರು ಏನು ಉಟ್ಟಿದ್ದಾರೆ ಎನ್ನುವುದೂ ಕಾಣುತ್ತದೆ. ಬೇಡ ಪುಟ್ಟಾ.

ಜೋಳದರೊಟ್ಟಿ (ಇಳಕಲ್)

ಎಲ್ಲರೂ ದೊಡ್ಡ ದೊಡ್ಡ ಮಾತು ಆಡಿದ್ದೀರಿ, ನನಗೆ ತಿಳಿದ ಸಣ್ಣ ಮಾತು ಹೇಳುತ್ತೇನೆ. ಅಕ್ಕಾ, ಅರಿವೆ ದಿನಾ ಒಂದೇ ಅಂದಿರಲ್ಲ, ಅದು ಸುಳ್ಳು. ನನ್ನ ತವರು ಕೆರೂರು, ಚಿಕ್ಕವಳಿದ್ದಾಗ ಅವ್ವನ ಜೊತೆ ಒಗೆಯಲು ಹೋಗಿ ಹೋಗಿ ನನಗೆ ಗೊತ್ತು. ಹಗ್ಗದ ಮೇಲೆ ಏನು ಒಣಗುತ್ತಿದೆ ಎಂದು ನೋಡಿ ತಿಂಗಳು ಹೇಳಬಹುದು.

ಹೋಳಿ ಆದ ಮೇಲೆ ನಾಲ್ಕು ದಿನ ಎಲ್ಲ ಅರಿವೆಯೂ ಗುಲಾಬಿ. ಬಾಗಲಕೋಟೆ ಹೋಳಿಗೆ ಹೋಗಿ ಬಂದವರ ಅಂಗಿ ಇದ್ದರಂತೂ ಮುಗಿಯಿತು, ಅಲ್ಲಿ ಬಂಡಿಯಲ್ಲಿ ಬ್ಯಾರಲ್ ಇಟ್ಟುಕೊಂಡು ಬಣ್ಣ ಎರಚುತ್ತಾರೆ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆಯುವುದು, ಹಗ್ಗ ಮೂಗುದಾರ ತೊಳೆಯುವುದು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕೆರೆಯ ಮಣ್ಣು ಕೆದರುತ್ತಿರುತ್ತಾರೆ, ಮೊಣಕೈವರೆಗೆ ಕೆಸರು. ಪಂಚಮಿಗೆ ಮುಂಚೆ ತವರಿಗೆ ಬಂದ ಹೆಣ್ಣುಮಕ್ಕಳ ಹೊಸ ಸೀರೆ. ಈಗ ದಸರೆಯ ಘಟ್ಟ ಹಾಕುವ ಮುಂಚೆ ನೋಡಿ, ಮನೆಯಲ್ಲಿರುವ ಕೌದಿ, ಕಂಬಳಿ, ಜಮಖಾನ ಎಲ್ಲ ಹೊರಗೆ ಬರುತ್ತದೆ. ಅವತ್ತು ಗಂಡಸರೂ ಬರಲೇಬೇಕು, ಒದ್ದೆ ಕೌದಿ ಎತ್ತಲು ಒಬ್ಬರಿಂದ ಆಗುವುದಿಲ್ಲ. ವರ್ಷದಲ್ಲಿ ಅದೊಂದು ದಿನ ಗಂಡಸರ ಕೈಯಲ್ಲಿ ಸಾಬೂನು ನೋಡಬಹುದು. ಆ ಫೋಟೋ ತಪ್ಪಿಸಬೇಡಿ!

ಕೆರೆದಂಡೆ (ಬಾದಾಮಿ)

ಜೋಳದರೊಟ್ಟಿ, ನೀವು ನನ್ನ ಕಣ್ಣಿಗೆ ಕನ್ನಡಕ ಹಾಕಿದಿರಿ. ಈಗಷ್ಟೇ ನೋಡಿದೆ, ಮಾರ್ಚ್‌ನ ಐದು ಫೋಟೋಗಳಲ್ಲಿ ಮೆಟ್ಟಿಲ ಸಂದಿಯಲ್ಲಿ ಗುಲಾಬಿ ನೀರು ನಿಂತಿದೆ. ನಾನು ಅದನ್ನು ಕ್ಯಾಮೆರಾದ ತೊಂದರೆ ಅಂದುಕೊಂಡಿದ್ದೆ.

ಒಂದು ವಹಿ ತಂದಿದ್ದೇನೆ, 200 ಪುಟದ್ದು. ಗುಮ್ಮಟದವರು ಹೇಳಿದಂತೆ ಹೆಸರು ಬರೆಯಲು ಶುರು ಮಾಡಿದೆ. ಇನ್ನು ಸ್ಟೇಟಸ್‌ಗೆ ಹಾಕುವುದಿಲ್ಲ. ಮೊದಲು ಪ್ರಿಂಟು, ಅವರ ಕೈಗೆ. ಅಂಗಡಿಯಲ್ಲಿ ಮಷೀನು ಇದೆ, ಇಷ್ಟು ದಿನ ಇದು ತಲೆಗೆ ಹೊಳೆಯಲಿಲ್ಲ ನೋಡಿ. ದಿನವಿಡೀ ಬೇರೆಯವರ ಆಧಾರ್ ಕಾರ್ಡು ಪ್ರಿಂಟ್ ಹಾಕುತ್ತೇನೆ.

ಹಳೇ_ಓಣಿ (ಬಾಗಲಕೋಟೆ ನವನಗರ)

ಹೊರಗೆ ಹಾಕದಿದ್ದರೆ ಹೇಗೆ? ನಾಳೆ ನಿಮ್ಮ ಫೋನು ಹೋದರೆ, ವಹಿ ನೆನೆದರೆ? ಯಾರಾದರೂ ನೋಡಿದರೆ ತಾನೇ ಉಳಿಯುವುದು.

ಕೋಟೆಗಾಳಿ (ಬೆಳಗಾವಿ)

ಉಳಿಯಬೇಕೆಂದು ಅಣ್ಣಾರೇ ನಿಮಗೆ ಅನಿಸುತ್ತದೆ. ಫೋಟೋದಲ್ಲಿರುವವರಿಗೆ ಅನಿಸಬೇಕಲ್ಲ. ಪ್ರಿಂಟು ಕೊಡುವುದೇ ಸರಿ. ಕೈಯಲ್ಲಿ ಹಿಡಿದು ನೋಡಿದ ಮೇಲೆ ಅವರೇ ಹೇಳುತ್ತಾರೆ, ಇದು ಇರಲಿ, ಇದು ಹರಿ ಎಂದು.

ಹಳೇ_ಓಣಿ (ಬಾಗಲಕೋಟೆ ನವನಗರ)

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮವ್ವ ಹರಿ ಅಂದಿದ್ದರೂ ನಾನು ಬಚ್ಚಿಡುತ್ತಿದ್ದೆ. ಜಗಳ ಬೇಡ, ಬಿಟ್ಟಿದ್ದೇನೆ.

ಕೆರೆದಂಡೆ (ಬಾದಾಮಿ)

ಎರಡು ತಿಂಗಳಾಯಿತು ಬರೆಯದೆ. ದಸರೆ ಮುಗಿಯಿತು. ಫೋಟೋ ನಿಂತಿಲ್ಲ. ಒಂದು ದಿನ ಮಾತ್ರ ತಪ್ಪಿತು, ಜ್ವರ. ಆ ದಿನದ ಜಾಗ ವಹಿಯಲ್ಲಿ ಖಾಲಿ ಬಿಟ್ಟಿದ್ದೇನೆ.

ಕೌದಿ ದಿನಗಳು ನಿಜಕ್ಕೂ ಜಾತ್ರೆ. ಗುಡ್ಡದ ಬುಡದ ಬಂಡೆಗಳ ಮೇಲೆಲ್ಲ ಬಣ್ಣಬಣ್ಣದ ಚಿಂದಿ ಕೌದಿ. ಕೆಂಪು ಕಲ್ಲಿನ ಮೇಲೆ ಆ ಬಣ್ಣ ಎದ್ದು ಕಾಣುತ್ತದೆ. ಗಂಡ ಹೆಂಡತಿ ಎರಡು ತುದಿ ಹಿಡಿದು ಹಿಂಡುತ್ತಾರೆ, ಒಬ್ಬರು ಬಲಕ್ಕೆ ತಿರುವಿದರೆ ಇನ್ನೊಬ್ಬರು ಎಡಕ್ಕೆ. ಹೊಸದಾಗಿ ಮದುವೆಯಾದ ಒಂದು ಜೋಡಿ ಇಬ್ಬರೂ ಒಂದೇ ಕಡೆ ತಿರುವಿ ತಿರುವಿ ಸೋತರು. ಆ ಫೋಟೋ ಅವರೇ ಕೇಳಿ ಪಡೆದರು.

ಇಷ್ಟು ಸಮಾಚಾರ. ಈಗ ಅಜ್ಜಿಯ ವಿಷಯ.

ವಿಜಯದಶಮಿಗೆ ಬನ್ನಿ ಕೊಡಲು ಹೋಗುವಾಗ ಪ್ರಿಂಟುಗಳನ್ನೂ ಚೀಲದಲ್ಲಿ ಹಾಕಿಕೊಂಡೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತಾ ಬನ್ನಿಯ ಜೊತೆಗೆ ಅವರವರ ಫೋಟೋ ಕೊಡುತ್ತಾ ಹೋದೆ. ಒಬ್ಬರು ತಮ್ಮ ಕೂದಲು ಇಷ್ಟು ಬೆಳ್ಳಗಾಗಿದೆಯಾ ಎಂದು ಬೈದರು. ಇಬ್ಬರು ಬೇಡ ಅಂದರು, ಅಲ್ಲೇ ಹರಿದುಹಾಕಿದೆ. ಫೈಲನ್ನೂ ಅವರ ಮುಂದೆಯೇ ಅಳಿಸಿದೆ. ಕೋಟೆಗಾಳಿ ಅಕ್ಕಾ, ನಿಮ್ಮ ನೆನಪಾಯಿತು.

ಅಜ್ಜಿಗೆ ಮೂರು ಪ್ರಿಂಟು ಕೊಟ್ಟೆ, ಜನವರಿ, ಮೇ, ಸೆಪ್ಟೆಂಬರ್. ಕನ್ನಡಕ ಹುಡುಕಿ ಹಾಕಿಕೊಂಡರು. ತಮ್ಮ ಮುಖ ನೋಡಲೇ ಇಲ್ಲ. ಬೆರಳಿಂದ ಕಲ್ಲನ್ನು ಸವರಿದರು. "ಇದು ನಮ್ಮ ಅತ್ತೀದು" ಅಂದರು. ಅವರು ಮದುವೆಯಾಗಿ ಬಂದ ಮೊದಲ ವಾರ ಅತ್ತೆ ಕರೆದುಕೊಂಡು ಹೋಗಿ, ಇದು ನಮ್ಮ ಕಲ್ಲು, ಬೇರೆಯವರ ಕಲ್ಲಿನ ಮೇಲೆ ಒಗೆಯಬೇಡ ಎಂದು ತೋರಿಸಿದ್ದರಂತೆ. ಅತ್ತೆಗೆ ಅವರ ಅತ್ತೆ ತೋರಿಸಿದ್ದು. ಕಲ್ಲಿನ ನಡುವೆ ಒಂದು ತಗ್ಗು ಇದೆ, ಬಡಿದು ಬಡಿದು ಬಿದ್ದದ್ದು. ನನ್ನ 41 ಫೋಟೋಗಳಲ್ಲಿಯೂ ಆ ತಗ್ಗು ಇದೆ. ನಾನು ಅದನ್ನು ನೆರಳು ಅಂದುಕೊಂಡಿದ್ದೆ.

ಬೇಸಿಗೆಯಲ್ಲಿ ಯಾಕೆ ಕೆಳಗೆ ಇಳಿಯಲಿಲ್ಲ ಎಂದು ಕೇಳಿದೆ. ಕೆಳಗಿನ ಕಲ್ಲುಗಳೆಲ್ಲ ಬೇರೆಯವರವು ಅಂದರು, ಇಷ್ಟೂ ತಿಳಿಯದೇ ಇವಳಿಗೆ ಅನ್ನುವ ಹಾಗೆ. ಕೆಳಗೆ ಒಗೆಯುತ್ತಿದ್ದವರನ್ನು ತೋರಿಸಿದೆ. "ಅವರ ಕಲ್ಲ ಅಲ್ಲೇ ಅದಾವ" ಎಂದು ಹೇಳಿ ಸುಮ್ಮನಾದರು.

ಅವರ ಸೊಸೆ ಮನೆಯಲ್ಲೇ ಮಷೀನಿನಲ್ಲಿ ಒಗೆಯುತ್ತಾರೆ. ಒಳಗಿಂದ ಬಂದು ಫೋಟೋ ನೋಡಿ, ಯಾವ ಕಲ್ಲು ಎಂದು ಕೇಳಿದರು. ಅಜ್ಜಿ ಮೇ ತಿಂಗಳ ಪ್ರಿಂಟು ಅವರ ಕೈಗೆ ಕೊಟ್ಟು, ಎಡದಿಂದ ಮೆಟ್ಟಿಲು ಎಣಿಸಿ ತೋರಿಸಿದರು. ನೀರು ಇಳಿದಿದ್ದರಿಂದ ಅದರಲ್ಲಿ ಎಲ್ಲ ಕಲ್ಲುಗಳೂ ಕಾಣುತ್ತವೆ.

ವಹಿಯಲ್ಲಿ ಈಗ ಇನ್ನೊಂದು ಪಟ್ಟಿ ಶುರುವಾಗಿದೆ. ಯಾವ ಕಲ್ಲು ಯಾವ ಮನೆಯದು. 19 ಆಯಿತು. ಮೂರು ಕಲ್ಲುಗಳ ಬಗ್ಗೆ ಎರಡೆರಡು ಮನೆಯವರು ನಮ್ಮದು ಅನ್ನುತ್ತಿದ್ದಾರೆ, ಆ ತಂಟೆಗೆ ನಾನು ಹೋಗುವುದಿಲ್ಲ.

ಜೋಳದರೊಟ್ಟಿ (ಇಳಕಲ್)

ಶೇಂಗಾ ಅಣ್ಣನಿಗೆ ಪ್ರಿಂಟು ಕೊಟ್ಟಿರಾ?

ಕೆರೆದಂಡೆ (ಬಾದಾಮಿ)

ಕೊಟ್ಟೆ. ಬನ್ನಿ ತೆಗೆದುಕೊಂಡರು, ಫೋಟೋ ಅಂಗಿ ಜೇಬಿಗೆ ಇಟ್ಟುಕೊಂಡರು, ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ದಂಡೆಯಲ್ಲಿ ಅದೇ ಜಾಗದಲ್ಲಿ ಕೂತಿದ್ದರು. ನಾನು ಅವತ್ತು ಕ್ಯಾಮೆರಾವನ್ನು ಮಂಗಗಳ ಕಡೆ ತಿರುಗಿಸಿದೆ. ಹೋಗುವಾಗ ಒಂದು ಹಿಡಿ ಶೇಂಗಾ ಕೊಟ್ಟರು.